ಅಜ್ಜನ ಹಳೇ ಗಾಲ್ಫ್ ಸ್ಟಿಕ್ ಮ್ಯಾಶಿ: ಹೊಡದಾಗ ಹೆಡ್ ‘ಟಕ್’ ಅಂತೈತಿ, ಪಂದ್ಯಕ್ಕ ಮೂರು ವಾರ ಉಳದೈತಿ

ಕ್ಯಾಂಪ್_ಹುಡುಗ, ಬೆಳಗಾವಿ

ನಮಸ್ಕಾರ್ರಿ ಎಲ್ಲಾರಿಗೂ. ನಮ್ಮಜ್ಜ ಇಲ್ಲೇ ಕ್ಯಾಂಪ್ ಕಡೆ ಗಾಲ್ಫ್ ಮೈದಾನದಾಗ ಭಾಳ ವರ್ಷ ಕ್ಯಾಡಿ (ಆಡೋರ ಸ್ಟಿಕ್ ಚೀಲ ಹೊರಾವ) ಆಗಿದ್ದ. (ಹೌದ್ರಿ, 2022ರ ಆಗಸ್ಟ್‌ನ್ಯಾಗ ಚಿರತಿ ಹೊಕ್ಕು, ಅದನ್ನ ಹುಡಕಾಕ ಸಕ್ರೆಬೈಲಿನ ಆನಿ ಶಿಬಿರದಿಂದ ಆನಿ ತರಿಸಿದ್ರಲ್ಲ, ಅದ ಮೈದಾನ.) ಯಾರೋ ಸಾಹೇಬ್ರು ಊರು ಬಿಟ್ಟು ಹೋಗೂ ಮುಂದ ಕೊಟ್ಟಿದ್ದು ಅಂತ ಮೂರು ಹಳೇ ಸ್ಟಿಕ್ ಅಟ್ಟದ ಮ್ಯಾಲ ಇದ್ವು. ಒಂದು ಮ್ಯಾಶಿ (ನಡು ದೂರಕ್ಕ ಹೊಡಿಯೂದು), ಒಂದು ನಿಬ್ಲಿಕ್ (ಚೆಂಡು ಮ್ಯಾಲೆತ್ತಿ ಹೊಡಿಯೂದು), ಒಂದು ಪಟರ್ (ಕುಣಿ ಹತ್ರ ಚೆಂಡು ತಳ್ಳೂದು). ನಾವು ಎಂಟು ಮಂದಿ ಗೆಳೆಯರು ಒಂಬತ್ತು ಹೋಲಿನ ಪಂದ್ಯ ಇಟ್ಕೊಂಡೇವಿ, ಕಟ್ಟಿಗಿ ಶಾಫ್ಟಿನ (ಉದ್ದ ಕೋಲಿನ) ಸ್ಟಿಕ್ ಬಿಟ್ರ ಬ್ಯಾರೇ ನಡಿಯಂಗಿಲ್ಲ.

ತ್ರಾಸು ಮ್ಯಾಶೀದು. ಚೆಂಡಿಗೆ ಬಡದ ಕೂಡ್ಲೇ ಕಬ್ಬಿಣದ ಹೆಡ್ಡಿಗೆ ಶಾಫ್ಟ್ ಕೂಡೂ ಕುತ್ತಿಗ್ಯಾಗ ‘ಟಕ್’ ಅಂತೈತಿ. ಹಿಡದು ತಿರುವಿದ್ರ ಕೂದಲೆಳಿಯಷ್ಟು ಅಲ್ಲಾಡತೈತಿ. ಮಳಿಗಾಲದಾಗ ಏನೂ ಇರಲಿಲ್ಲ, ಮಾರ್ಚ್ ಬಿಸಲು ಬಿದ್ದ ಮ್ಯಾಲ ಸುರು ಆತು. ಕೊಡ್ಲಿ ಕಾವು ಸಡಲಾದ್ರ ಅಜ್ಜ ಬಕೀಟಿನ್ಯಾಗ ನೆನಿ ಹಾಕ್ತಿದ್ದ, ನಾನೂ ಒಂದು ರಾತ್ರಿ ಹಂಗ ಇಟ್ಟೆ. ಎರಡು ದಿನ ಬಿಗಿ ನಿಂತು, ಮೂರನೇ ದಿನ ಮೊದಲಿಗಿಂತ ಜಾಸ್ತಿ ಆತು. ಸಂದ್ಯಾಗ ಫೆವಿಕ್ವಿಕ್ ಬಿಡ್ಲ್ಯಾ?

ಇನ್ನೊಂದು, ಪಟರ್ ಶಾಫ್ಟಿನ ಮ್ಯಾಲಿನ ಪದರ ಹಾವಿನ ಪೊರಿ ಗತೆ ಬಿಚ್ಚಾಕತ್ತೈತಿ. ಪಾಲಿಶ್ ಹೊಡದ್ರ ನಿಲ್ತೈತೇನು?

ಬಡಿಗೇರ_ಓಣಿ, ಬಾಗಲಕೋಟಿ

ತಮ್ಮಾ, ಮೊದಲ ಆ ಫೆವಿಕ್ವಿಕ್ ಬಾಟ್ಲಿ ಕೆಳಗಿಡು. ಅದು ಒಣಗಿದ್ರ ಗಾಜಿನಂಗ. ನಾಲ್ಕು ಏಟಿಗೆ ಪುಡಿ ಆಗತೈತಿ, ಆಮ್ಯಾಲ ಆ ಪುಡಿ ಕೆರೀಲಿಕ್ಕೆ ನಿನಗ ಎರಡು ದಿನ ಬೇಕು.

ನೀರಿನ ಮಾತಿಗೆ ಬರೂಣು. ನೀರು ಕುಡದ ಕಟ್ಟಿಗಿ ಉಬ್ಬತೈತಿ, ಖರೆ. ಆದ್ರ ಸುತ್ತಲಿನ ಕಬ್ಬಿಣ ಜಾಗಾ ಕೊಡಂಗಿಲ್ಲ. ಉಬ್ಬೂ ಕಟ್ಟಿಗಿ ಎಲ್ಲಿಗೆ ಹೋಗಬೇಕು? ತನ್ನ ಎಳೀನ ತಾನ ಜಜ್ಜಿಕೊಳ್ತೈತಿ. ಒಣಗಿದ ಮ್ಯಾಲ ಮೊದಲಿದ್ದ ದಪ್ಪಕ್ಕಿಂತ ಸಣ್ಣ ಆಗತೈತಿ. ಅದಕ್ಕ ಮೂರನೇ ದಿನ ಸಪ್ಪಳ ಜಾಸ್ತಿ ಆಗಿದ್ದು. ಅಜ್ಜಂದು ಜಾಲಿ ಕಾವು, ಹ್ವಾದ್ರ ಹೊಲದ ಬದೂಕ ಇನ್ನೊಂದು ಐತಿ. ನಿನ್ನ ಕೈಯಾಗಿರೂದು ಹಿಕರಿ, ಅಮೆರಿಕಾದ ಗಿಡ. ಕೊಡ್ಲಿ ಕಣ್ಣು ಆಚೀಕ ತೆರದಿರತೈತಿ, ಸಡಲಾದ್ರ ಬೆಣಿ ಹೊಡೀಬಹುದು. ಈ ಸ್ಟಿಕ್ಕಿನ ಕುತ್ತಿಗಿ ಅಂದ್ರ ತಳ ಮುಚ್ಚಿದ ಕೊಳವಿ. ಬೆಣಿಗೆ ದಾರಿನ ಇಲ್ಲ.

ಬಿಚ್ಚೂಕಿಂತ ಮೊದಲ ಬಿರುಕು ನೋಡು. ಕುತ್ತಿಗಿ ಮ್ಯಾಲಿನ ಒಂದು ಗೇಣು ಶಾಫ್ಟಿಗೆ ಟರ್ಪೆಂಟೈನ್ ಅರಬಿಲೆ ಒರಸು. ಎಲ್ಲಾ ಕಡೆ ಆರಿ, ಒಂದ ಗೆರಿ ಕಪ್ಪಗ ಉಳದ್ರ ಅಲ್ಲಿ ಬಿರುಕೈತಿ. ಗೆರಿ ಎಳಿ ಗುಂಟ ಹೋಗಿದ್ರ ಅಂಟು ತುಂಬಿ, ಮೇಣದ ದಾರ ಬಿಗಿ ಸುತ್ತಿ ಆಡಬಹುದು. ಅಡ್ಡ ಹೋಗಿದ್ರ ಗ್ವಾಡಿಗೆ ತೂಗ ಹಾಕು. ಏಟಿನಾಗ ಮುರದ್ರ ಹೆಡ್ ಯಾರ ತಲಿಗೆ ಹೋಗತೈತಿ ಹೇಳಾಕ ಬರಂಗಿಲ್ಲ.

ಬಿರುಕಿಲ್ಲಾ ಅಂದ್ರ ಬಿಚ್ಚು. ಕುತ್ತಿಗಿಗೆ ಅಡ್ಡ ಒಂದು ಮೊಳಿ ಇರತೈತಿ, ಎರಡೂ ತುದಿ ತಟ್ಟಿ ಅರ ಹಾಕಿ ನಯ ಮಾಡಿರ್ತಾರ, ಜ್ವಾಳದಕಿಂತ ಸಣ್ಣ ಚುಕ್ಕಿ ಕಾಣತೈತಿ. ಆ ಮೊಳಿ ತಗದು, ಕುತ್ತಿಗಿಗೆ ಬಿಸಿ ಗಾಳಿ ಕೊಟ್ಟು ಎಳಿ. ಗ್ಯಾಸ್ ಒಲಿ ಮ್ಯಾಲ ಮಾತ್ರ ಹಿಡೀಬ್ಯಾಡ, ಒಳಗಿನ ತುದಿ ಕರಕಾತಂದ್ರ ಆಟ ಮುಗೀತು. ಬಂದ ಮ್ಯಾಲ ಶಾಫ್ಟ್ ಒಂದು ವಾರ ನೆರಳಾಗ ಒಣಗಲಿ, ನೀನು ಕುಡಿಸಿದ ನೀರು ಹೋಗಬೇಕಲ್ಲ.

ಹಿಕರಿ_ಮಾವ, ವಿಜಯಪುರ

ಬಡಿಗೇರರು ಕಟ್ಟಿಗೆಯ ವಿಷಯ ಸರಿಯಾಗಿ ಹೇಳಿದ್ದಾರೆ, ನಾನು ಪಟರ್ ಬಗ್ಗೆ ಹೇಳುತ್ತೇನೆ. ಅಡುಗೆಮನೆ ಫ್ರಿಜ್ಜಿನ ಮೇಲಿನ ಒಂದು ಚುಂಬಕ ತೆಗೆದುಕೊಂಡು ಆ ಶಾಫ್ಟಿನ ನಟ್ಟನಡುವೆ ಇಡಿ. ಹೆಡ್ಡಿನ ಹತ್ತಿರ ಬೇಡ, ಅಲ್ಲಿ ಹೇಗೂ ಅಂಟುತ್ತದೆ. ಏನಾಯಿತು ಹೇಳಿ.

ಕ್ಯಾಂಪ್_ಹುಡುಗ, ಬೆಳಗಾವಿ

ಅಯ್ಯೋ ಸರ್ರ, ಟಪ್ ಅಂತ ಅಂಟ್ಕೊಂತು! ಕಟ್ಟಿಗಿಗೆ ಹೆಂಗ ಅಂಟತೈತಿ?

ಹಿಕರಿ_ಮಾವ, ವಿಜಯಪುರ

ಅದು ಕಟ್ಟಿಗೆಯಲ್ಲ, ಉಕ್ಕು. ಗಾಲ್ಫ್ ನಿಯಮ ಮಾಡುತ್ತಿದ್ದ ಸೇಂಟ್ ಆಂಡ್ರ್ಯೂಸ್‌ನ ಆರ್ ಅಂಡ್ ಎ ಸಂಸ್ಥೆ ಉಕ್ಕಿನ ಶಾಫ್ಟಿಗೆ ಒಪ್ಪಿಗೆ ಕೊಟ್ಟಿದ್ದು 1929ರಲ್ಲಿ. ಮರುವರ್ಷವೇ ಅಮೆರಿಕದ ಆಟಗಾರ ಬಾಬಿ ಜೋನ್ಸ್ ಹಿಕರಿ ಸ್ಟಿಕ್ ಹಿಡಿದು ನಾಲ್ಕೂ ದೊಡ್ಡ ಪ್ರಶಸ್ತಿ ಗೆದ್ದ. ಆಡುವವರ ಕಣ್ಣಿಗೆ ಆಗಿನ್ನೂ ಕಟ್ಟಿಗೆಯೇ ಚೆಂದ. ಹಾಗಾಗಿ ಕಂಪನಿಗಳು ಉಕ್ಕಿನ ಕೊಳವೆಗೆ ಕಟ್ಟಿಗೆಯ ಬಣ್ಣದ ಪ್ಲಾಸ್ಟಿಕ್ ಪೊರೆ ತೊಡಿಸಿ ಮಾರಿದವು. ಅದಕ್ಕೆ ಪೈರಟೋನ್ ಅನ್ನುತ್ತಾರೆ. ನಿಮ್ಮಲ್ಲಿ ಬಿಚ್ಚುತ್ತಿರುವುದು ಅದೇ. ಪಾಲಿಶ್ ಹೊಡೆಯಬೇಡಿ, ಹಾಗೇ ಇಡಿ. ಒಳ್ಳೆಯ ವಸ್ತುವೇ, ಆದರೆ ನಿಮ್ಮ ಪಂದ್ಯದ ನಿಯಮಕ್ಕೆ ಹೊರಗಿನದು. 2005ರಿಂದ ಸ್ಕಾಟ್‌ಲೆಂಡಿನಲ್ಲಿ ನಡೆದು ಬಂದಿರುವ ಹಿಕರಿ ಸ್ಟಿಕ್ಕಿನ ಪಂದ್ಯ ವರ್ಲ್ಡ್ ಹಿಕರಿ ಓಪನ್ನಿಗೆ ಒಯ್ದರೂ ನಡೆಯುವುದಿಲ್ಲ.

ಚೆಂಡಿನ ವಿಷಯಕ್ಕೂ ಕಿವಿಗೊಡಿ. ಗಟ್ಟಿ ಚೆಂಡು ಬೇಡ, ಕಡಿಮೆ ಕಂಪ್ರೆಶನ್ನಿನ ಮೆತ್ತಗಿನದು ತನ್ನಿ. ಬೆಳಗಾವಿಯ ಕೆಂಪು ನೆಲ ಬೇಸಿಗೆಯಲ್ಲಿ ಕಲ್ಲು, ಅಭ್ಯಾಸದಲ್ಲಿ ಚೆಂಡನ್ನು ಟೀ (ಚೆಂಡು ಇಡುವ ಸಣ್ಣ ಗೂಟ) ಮೇಲಿಟ್ಟು ಹೊಡೆಯಿರಿ. ಹಿಕರಿ ಶಾಫ್ಟ್ ಉಕ್ಕಿಗಿಂತ ಹೆಚ್ಚು ತಿರುಚುತ್ತದೆ, ಜೋರು ಮಾಡಿದಷ್ಟೂ ಹೆಡ್ ಹಿಂದೆ ಉಳಿಯುತ್ತದೆ. ಸಾವಕಾಶ ಬೀಸಿ.

ಕ್ಯಾಂಪ್_ಹುಡುಗ, ಬೆಳಗಾವಿ

ಪಟರ್ ಚಾಪ್ಟರ್ ಮುಗೀತು ಬಿಡ್ರಿ. ಮ್ಯಾಶ್ಯಾಗ ಬಿರುಕಿಲ್ಲ. ಆದ್ರ ಕಾಕಾ, ಮೊಳಿ ಬರವಲ್ದು. ವೈಸಿನ್ಯಾಗ ಹಿಡದು ಪಂಚ್ ಇಟ್ಟು ಹತ್ತು ಏಟು ಹೊಡದೆ. ಇನ್ನಷ್ಟು ಬಿಗಿ ಆದಂಗ ಕಾಣತೈತಿ.

ಬಡಿಗೇರ_ಓಣಿ, ಬಾಗಲಕೋಟಿ

ತಿರುಗಿಸಿ ಆಚೀಕಿಂದ ಹೊಡಿ. ಮೊಳಿ ಒಂದು ಕಡೆ ಸಣ್ಣ, ಒಂದು ಕಡೆ ದಪ್ಪ ಇರಬೇಕು. ನೀನು ದಪ್ಪ ಕಡೆಯಿಂದ ಬಡದು ಒಳಗ ಗಿಡೀಲಿಕ್ಕತ್ತಿ. ತಟ್ಟಿದ ತುದಿಗೆ ಮೊದಲ ಡ್ರಿಲ್ಲಿಲೆ ಒಂದು ಚಿಟಿಕಿ ಕೆರಿ.

ಹೊರಗ ಬಂದ ಮ್ಯಾಲ ಕೊಳವಿ ಒಳಗಿನ ತುಕ್ಕು ತಂತಿ ಬ್ರಶ್ಶಿಲೆ ತಿಕ್ಕು. ಶಾಫ್ಟ್ ತುದಿ ಒಣಾ ಹಾಕಿ ನೋಡು, ಸಡಲಿದ್ರ ತೆಳ್ಳನ ನೂಲಿನ ಅರಬಿ ಒಂದು ಸುತ್ತು ಸುತ್ತು. ಆಮ್ಯಾಲ ಅರಾಲ್ಡೈಟ್ ಅಂಟು, ನಿಧಾನ ಒಣಗೂದು, ಐದು ನಿಮಿಷದ್ದಲ್ಲ. ಹೆಡ್ಡಿನ ಮಾರಿ ಮೊದಲ ಎತ್ತ ಇತ್ತೋ ಅತ್ತ ಬರೋಬರ್ ಬರಬೇಕು, ಬಿಚ್ಚೂ ಮೊದಲ ಪೆನ್ಸಿಲ್ ಗುರುತು ಹಾಕು. ಒಂದು ದಿನ ಬಿಟ್ಟು ಹಳೇ ತೂತಿನ್ಯಾಗ ಹೊಸಾ ಮೊಳಿ ಹಾಕಿ, ಕೊಯ್ದು, ತಟ್ಟಿ, ಅರ ಹಾಕು.

ಕಡೀಕ ಶಾಫ್ಟಿಗೆ ಅಗಸಿ ಎಣ್ಣಿ. ಮನ್ಯಾಗಿನ ಎಣ್ಣಿ ಒಣಗಾಕ ಭಾಳ ದಿನ ತಗೋತೈತಿ, ಪೇಂಟ್ ಅಂಗಡ್ಯಾಗ ಡಬಲ್ ಬಾಯ್ಲ್ಡ್ ಲಿನ್‌ಸೀಡ್ ಅಂತ ಕೇಳು. ಒರಸಿದ ಅರಬಿ ಮುದ್ದಿ ಮಾಡಿ ಮೂಲ್ಯಾಗ ಒಗೀಬ್ಯಾಡ, ತಾನ ಬೆಂಕಿ ಹತ್ತತೈತಿ. ನಮ್ಮ ಅಂಗಡ್ಯಾಗ ಒಮ್ಮಿ ಹೊಗಿ ಎದ್ದಿತ್ತು. ಬಿಚ್ಚಿ ಬಯಲಾಗ ಹರವಿ ಒಣಗಸು.

ಕ್ಯಾಂಪ್_ಹುಡುಗ, ಬೆಳಗಾವಿ

ಪಂದ್ಯ ನಿನ್ನೆ ಮುಗೀತ್ರಿ. ಮೊಳಿ ಆಚೀಕಿಂದ ಎರಡ ಏಟಿಗೆ ಬಂತು, ಕಾಕಾ. ಒಳಗ ಕಪ್ಪನ ರಾಳದಂಥಾದ್ದು ಪುಡಿ ಪುಡಿ ಆಗಿತ್ತು. ಗ್ರಿಪ್ಪಿಗೆ ಅಥಣಿ ಕಡೆ ಚಪ್ಪಲಿ ಮಾಡವರ ಹತ್ರ ಚರ್ಮಾ ತಂದೆ. ಅವರ ಚಪ್ಪಲಿ ಚರ್ಮಾ ದಪ್ಪ, ಒಂದು ಇಂಚಿನ ಪಟ್ಟಿ ಕೊಯ್ದು ತೆಳ್ಳಗ ಹೆರದು ಕೊಟ್ರು. ಯಾತಕ್ಕ ಅಂತ ಕೇಳಿದ್ರು, ಕೋಲಿಗೆ ಅಂದೆ, ನಕ್ಕರು.

ಒಂಬತ್ತು ಹೋಲ್ ಆಡಿದೆ, ಒಂದು ಸಲಾನೂ ‘ಟಕ್’ ಅನ್ನಲಿಲ್ಲ. ಎಂಟು ಮಂದ್ಯಾಗ ಏಳನೇದಾವ ಆದೆ, ಅದು ಮ್ಯಾಶಿ ತಪ್ಪಲ್ಲ. ಪಟರ್ ಇರಲಿಲ್ಲಂತ ಗ್ರೀನ್ (ಕುಣಿ ಸುತ್ತಲಿನ ಸಣ್ಣ ಹುಲ್ಲಿನ ಜಾಗಾ) ಮ್ಯಾಲೂ ಅದರಲೇ ಚೆಂಡು ತಳ್ಳಿದೆ.

ಸರ್ರ, ನಿಬ್ಲಿಕ್ಕಿಗೂ ಚುಂಬಕ ಹಚ್ಚಿ ನೋಡೇನಿ. ಅಂಟಲಿಲ್ಲ.