80ರ ಹತ್ತಿರ ಒಮ್ಮೊಮ್ಮೆ ಇಡೀ ಗಾಡಿ ನಡುಗುತ್ತೆ, ವೀಲ್ ಬ್ಯಾಲೆನ್ಸಿಂಗ್ ಮಾಡಿಸಿದ್ರೂ ಹೋಗ್ಲಿಲ್ಲ

ಪುತ್ತೂರಿಗ:
ತಲೆ ಕೆಟ್ಟುಹೋಗಿದೆ, ಯಾರಾದ್ರೂ ದಾರಿ ತೋರಿಸಿ. 70–80ರಲ್ಲಿ ಆಕ್ಸಿಲರೇಟರ್ ಒತ್ತಿದ್ರೆ ಗಾಡಿ ಗಡಗಡ ನಡುಗುತ್ತೆ. ಕಾಲು ತೆಗೆದ್ರೆ ನಡುಕ ತಕ್ಷಣ ನಿಲ್ಲುತ್ತೆ. ಒಂದಿನ ಬರುತ್ತೆ, ಆಮೇಲೆ ವಾರಗಟ್ಟಲೆ ಸುದ್ದಿಯೇ ಇಲ್ಲ. ಮೆಕ್ಯಾನಿಕ್ ಪಕ್ಕದಲ್ಲಿ ಕೂತ್ರಂತೂ ಬರೋದೇ ಇಲ್ಲ. ಬ್ಯಾಲೆನ್ಸಿಂಗ್, ಅಲೈನ್‌ಮೆಂಟ್ ಎರಡೂ ಆಯ್ತು. ದುಡ್ಡು ಹೋಯ್ತು, ನಡುಕ ಹೋಗ್ಲಿಲ್ಲ.

ಘಾಟಿ ಸವಾರ:
ಪೆಟ್ರೋಲಾ ಡೀಸೆಲ್ಲಾ, ಎಷ್ಟು ಓಡಿದೆ, ಏನೂ ಹೇಳಿಲ್ವಲ್ಲ ಗುರು. ಇರ್ಲಿ, ಇದು ಬ್ಯಾಲೆನ್ಸಿಂಗೇ. ಮಳೆಗಾಲದಲ್ಲಿ ರಿಮ್ ಒಳಗೆ ಕೆಸರು ಮೆತ್ತಿಕೊಂಡು ಒಣಗಿರುತ್ತೆ. ಅದನ್ನ ಕೆರೆದು ತೆಗೀದೆ ಬ್ಯಾಲೆನ್ಸಿಂಗ್ ತೂಕ ಹೊಡೆದ್ರೆ ಏನು ಬಂತು?

ಪುತ್ತೂರಿಗ:
1.2 ಪೆಟ್ರೋಲ್ ಹ್ಯಾಚ್‌ಬ್ಯಾಕ್, ಮ್ಯಾನ್ಯುಯಲ್, 2016, 90 ಸಾವಿರ ಓಡಿದೆ. ರಿಮ್ ತೊಳೆಸಿಯೇ ಮಾಡಿಸಿದ್ದು.

ಘಾಟಿ ಸವಾರ:
ಹಾಗಾದ್ರೆ ಬೇರೆ ಅಂಗಡೀಲಿ ಇನ್ನೊಂದ್ಸಲ ಮಾಡಿಸಿ. ಟೈರ್ ಊದಿದೆಯಾ ನೋಡಿ. ನೈಟ್ರೋಜನ್ನೂ ತುಂಬಿಸಿಬಿಡಿ.

ಹುಬ್ಬಳ್ಳಿ ಡೀಸೆಲ್:
ನೈಟ್ರೋಜನ್‌ಗೂ ನಡುಗೋದಕ್ಕೂ ಏನ್ರೀ ಸಂಬಂಧ? ನಾವು ಉಸಿರಾಡೋ ಗಾಳ್ಯಾಗ 78 ಪರ್ಸೆಂಟ್ ಅದೇ ಐತಿ.

ಘಾಟಿ ಸವಾರ:
ಪ್ರೆಶರ್ ಇಳಿಯೋದು ನಿಧಾನ ಸ್ವಾಮಿ. ಹಾಕಿಸಿದವರಿಗೆ ಗೊತ್ತು.

ಹುಬ್ಬಳ್ಳಿ ಡೀಸೆಲ್:
ತಿಂಗಳಿಗೊಮ್ಮೆ ಗೇಜ್ ಹಚ್ಚಿ ನೋಡಿದ್ರ ಮುಗೀತು. ನನ್ನ ಎಸ್‌ಯುವಿ 2 ಲಕ್ಷ ದಾಟೈತಿ, 17 ಇಂಚಿನ ಅಲಾಯ್ ಹಾಕೀನಿ, ಸಾದಾ ಗಾಳಿನ. ಪುಣೆ ಹೈವೇದಾಗ ಸ್ಟೇರಿಂಗ್ ಒಂಚೂರೂ ಅಲುಗಂಗಿಲ್ಲ.

ಗ್ರೀಸ್‌ಕೈ:
ಸ್ವಲ್ಪ ನಿಲ್ಲಿ. ಕಾಲು ತೆಗೆದ್ರೆ ತಕ್ಷಣ ನಿಲ್ಲುತ್ತೆ ಅಂತ ಅವರು ಮೊದಲೇ ಬರೆದಿದ್ದಾರೆ. ಬ್ಯಾಲೆನ್ಸ್ ತಪ್ಪಿದ ಚಕ್ರ, ನೀವು ಒತ್ತಿದ್ರೂ ಬಿಟ್ರೂ, ಆ ವೇಗ ಇರೋವರೆಗೆ ಕುಣಿಯುತ್ತೆ. @ಪುತ್ತೂರಿಗ, 80ರಲ್ಲಿ ನಾಲ್ಕನೇ ಗೇರ್, ಐದನೇ ಗೇರ್ ಎರಡರಲ್ಲೂ ನಡುಕದ ಲಯ ಒಂದೇನಾ? ಬಂದ ದಿನ ಗಾಡೀಲಿ ಎಷ್ಟು ಭಾರ ಇತ್ತು?

ಪುತ್ತೂರಿಗ:
ಲಯ ಒಂದೇ. ಭಾರ ಅಂದ್ರೆ, ಊರಿಂದ ವಾಪಸ್ ಬರುವಾಗ್ಲೇ ಜಾಸ್ತಿ ಬರೋದು. ಶಿರಾಡಿ ಹತ್ತಿ ಸಕಲೇಶಪುರ ದಾಟಿದ ಮೇಲೆ, ಸಣ್ಣ ಏರುಗಳಲ್ಲಿ. ಹಿಂದೆ ತೆಂಗಿನಕಾಯಿ, ಕುಚ್ಚಲಕ್ಕಿ ಮೂಟೆ ಇರ್ತವೆ. ಮನೆ ಹತ್ತಿರದ ಮಣ್ಣು ರಸ್ತೇಲಿ ತಳ ತಾಗ್ತಿತ್ತು ಅಂತ ಮುಂದಿನ ಸ್ಪ್ರಿಂಗ್‌ಗೆ ಬಫರ್ (ಸುರುಳಿ ನಡುವೆ ತೂರಿಸೋ ರಬ್ಬರ್ ತುಂಡು) ಹಾಕಿಸಿದ್ದೀನಿ, ಅದು ಬೇರೆ ವಿಷಯ.

ಗ್ರೀಸ್‌ಕೈ:
ಬೇರೆ ವಿಷಯ ಅಲ್ಲ, ಅದೇ ವಿಷಯ! ಗೇರ್ ಬದಲಾದ್ರೂ ಲಯ ಬದಲಾಗಿಲ್ಲ ಅಂದ್ರೆ ಎಂಜಿನ್, ಕಾಯಿಲ್, ಪ್ಲಗ್ ಪಕ್ಕಕ್ಕಿಡಿ. ಗೇರ್‌ಬಾಕ್ಸಿಂದ ಚಕ್ರ ತಿರುಗಿಸೋ ಡ್ರೈವ್ ಶಾಫ್ಟಿನ ಇನ್ನರ್ ಜಾಯಿಂಟ್ ನೋಡಿಸಿ, ಗೇರ್‌ಬಾಕ್ಸ್ ಬದಿಯದು. ಅದರೊಳಗೆ ಮೂರು ರೋಲರ್, ಕಪ್‌ನ ಮೂರು ಹಳಿಗಳಲ್ಲಿ ಹಿಂದೆಮುಂದೆ ಸರಿಯುತ್ತವೆ. ಬಫರ್ ಹಾಕಿ ಮುಂಭಾಗ ಎತ್ತಿದಷ್ಟೂ ಶಾಫ್ಟ್ ಓರೆಯಾಗುತ್ತೆ. ಹಿಂದೆ ಮೂಟೆ ಬಿದ್ರೆ ಮೂತಿ ಇನ್ನೂ ಮೇಲೆ, ಏರಿನಲ್ಲಿ ಒತ್ತಿದ್ರೆ ಮತ್ತೂ ಮೇಲೆ. ಹಳಿ ಸವೆದು ಗುಳಿ ಬಿದ್ದಿದ್ರೆ, ಆಕ್ಸಿಲರೇಟರ್ ಒತ್ತಿ ಶಾಫ್ಟಿಗೆ ಲೋಡ್ ಬಂದಾಗ ರೋಲರ್ ಅಲ್ಲಿ ಸಿಕ್ಕಿ ಸಿಕ್ಕಿ ಹಾಯುತ್ತೆ, ಒಂದು ಸುತ್ತಿಗೆ ಮೂರು ಸಲ. 80ರಲ್ಲಿ ನಿಮ್ಮ ಚಕ್ರ ಸೆಕೆಂಡಿಗೆ ಸುಮಾರು 12 ಸುತ್ತು, ಅಂದ್ರೆ 35ರ ಆಸುಪಾಸು ಹೊಡೆತ. ಗಡಗಡ ಅನ್ನೋದು ಅದಕ್ಕೇ. ಒಬ್ಬರೇ ಆಫೀಸಿಗೆ ಹೋಗುವಾಗ ಓರೆ ಕಮ್ಮಿ, ಲೋಡೂ ಕಮ್ಮಿ, ಅದಕ್ಕೇ ಮೆಕ್ಯಾನಿಕ್‌ಗೆ ಸಿಕ್ಕಿಲ್ಲ. ಜಾಯಿಂಟಿನ ರಬ್ಬರ್ ಬೂಟ್ ಬಿಚ್ಚಿಸಿ, ಗ್ರೀಸ್ ಒರೆಸಿ, ಹಳಿ ಮೇಲೆ ಉಗುರು ಎಳೆದು ನೋಡಿ.

ಘಾಟಿ ಸವಾರ:
ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗ ಕಟಕಟ ಅನ್ನಬೇಕಲ್ಲ? ನಾನಿನ್ನೂ ಟೈರೇ ಅಂತೀನಿ.

ಗ್ರೀಸ್‌ಕೈ:
ಕಟಕಟ ಅನ್ನೋದು ಔಟರ್ ಜಾಯಿಂಟ್, ಚಕ್ರದ ಬದಿಯದು. ಇನ್ನರ್ ಹೋದ್ರೆ ಶಬ್ದ ಬರ್ಲೇಬೇಕು ಅಂತಿಲ್ಲ.

ಪುತ್ತೂರಿಗ:
ಬಿಚ್ಚಿಸಿದೆ. ಎಡಗಡೆ ಹಳಿಗಳು ನುಣ್ಣಗಿವೆ. ಬಲಗಡೆ ಗ್ರೀಸ್ ಬೂದಿ ಬಣ್ಣಕ್ಕೆ ತಿರುಗಿ, ಬೆರಳಲ್ಲಿ ಉಜ್ಜಿದ್ರೆ ಲೋಹದ ಪುಡಿ ಮಿನುಗ್ತಿತ್ತು. ಒಂದು ಹಳೀಲಿ ಉಗುರು ಟಕ್ ಅಂತ ನಿಲ್ಲುತ್ತೆ. ಬಫರ್ ತೆಗೆಸಿದೆ, ನಡುಕ ಬಹಳ ಕಮ್ಮಿ ಆಗಿದೆ, ಪೂರ್ತಿ ಹೋಗಿಲ್ಲ. ಇಡೀ ಶಾಫ್ಟೇ ಬದಲಿಸಬೇಕಂತೆ. ಕಾರ್ ಕಂಪನಿಯದ್ದಲ್ದೆ ಹೊರಗಿನ ತಯಾರಿಕೆಯದ್ದು ಹಾಕಬಹುದಾ?

ಗ್ರೀಸ್‌ಕೈ:
ಹಾಕಿ. ತುದಿಯ ಸ್ಪ್ಲೈನ್ ಹಲ್ಲು, ಉದ್ದ, ಚಕ್ರದ ವೇಗ ಅಳೆಯೋಕೆ ಇರೋ ಎಬಿಎಸ್ ರಿಂಗ್ ಎಲ್ಲಾ ಹಳೆಯದಕ್ಕೆ ಹೊಂದುತ್ತಾ ಪಕ್ಕಪಕ್ಕ ಇಟ್ಟು ನೋಡಿ. ಆಯಿಲ್ ಸೀಲ್ ಹೊಸದೇ ಇರಲಿ. ಶಾಫ್ಟ್ ಎಳೆದಾಗ ಗೇರ್ ಆಯಿಲ್ ಚೆಲ್ಲುತ್ತೆ, ಮಟ್ಟ ನೋಡಿ ತುಂಬಿಸಿ.

ಕೊಪ್ಪದ ಕಾರು:
ನನ್ನದೂ ನಡುಗುತ್ತೆ, ಆಗುಂಬೆ ಇಳಿಯುವಾಗ ಬ್ರೇಕ್ ಹಿಡಿದ್ರೆ ಮಾತ್ರ. ಇನ್ನರ್ ಜಾಯಿಂಟೇನಾ?

ಗ್ರೀಸ್‌ಕೈ:
ಅಲ್ಲ, ಬ್ರೇಕ್ ಡಿಸ್ಕ್ ನೋಡಿಸಿ. ಬೇರೆ ಚರ್ಚೆ ಶುರು ಮಾಡಿ, ಗಾಡಿ ವಿವರ ಪೂರ್ತಿ ಹಾಕಿ.

ಹುಬ್ಬಳ್ಳಿ ಡೀಸೆಲ್:
ಅಲ್ಲೀತನಕ ಎರಡನೇ ಗೇರ್‌ನಾಗ ಇಳೀರಿ, ಬ್ರೇಕ್ ಮ್ಯಾಲ ಕಾಲಿಟ್ಕೊಂಡೇ ಇಳೀಬ್ಯಾಡ್ರಿ.