ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಆಯಿಲ್, ಫಿಲ್ಟರ್: ಮನೆಯಲ್ಲೇ ಬದಲಾಯಿಸಬಹುದಾ?

ಮಧು, ನಾಗರಭಾವಿ
ನನ್ನದು 2017ರ ಇನ್ನೋವಾ ಕ್ರಿಸ್ಟಾ, ಡೀಸೆಲ್ ಆಟೋಮ್ಯಾಟಿಕ್. ಲಕ್ಷ ಕಿ.ಮೀ. ದಾಟಿದೆ. ಗೇರ್‌ಬಾಕ್ಸ್ ಆಯಿಲ್ ಇದುವರೆಗೆ ಮುಟ್ಟಿಲ್ಲ. ಈಗೀಗ ಸಿಗ್ನಲ್‌ನಿಂದ ಹೊರಟಾಗ ಗೇರ್ ಬದಲಾಗುವ ಹೊತ್ತಿಗೆ ಸಣ್ಣದೊಂದು ಜರ್ಕ್ ಬರುತ್ತಿದೆ. ಒಬ್ಬರು "ಇದು ಲೈಫ್‌ಟೈಮ್ ಆಯಿಲ್, ಮುಟ್ಟಬೇಡಿ" ಅಂದರು. ಇನ್ನೊಬ್ಬರು ಮೆಷಿನ್ ಹಾಕಿ ಫ್ಲಶ್ ಮಾಡಿಸಿ ಅಂದರು. ಎಂಜಿನ್ ಆಯಿಲ್, ಬ್ರೇಕ್ ಪ್ಯಾಡ್ ಎಲ್ಲ ನಾನೇ ಹಾಕಿಕೊಳ್ಳುತ್ತೇನೆ. ಇದನ್ನೂ ಮನೆಯಲ್ಲೇ ಮಾಡಬಹುದಾ?

ಪೀಣ್ಯ ಟರ್ನರ್
ಮಾಡಬಹುದು ಗುರು. ಎಂಜಿನ್ ಆಯಿಲ್‌ಗಿಂತ ಸ್ವಲ್ಪ ಜಾಸ್ತಿ ಕೆಲಸ, ಅಷ್ಟೇ. ಆದರೆ ಒಂದು ವಿಷಯ ತಲೆಯಲ್ಲಿಟ್ಟುಕೊಳ್ಳಿ. ಡ್ರೈನ್ ಬೋಲ್ಟ್ ಮುಟ್ಟುವ ಮೊದಲು ಆಯಿಲ್ ತುಂಬಿಸುವ ಬೋಲ್ಟ್ ಬಿಚ್ಚಿ ನೋಡಿ. ಅದು ತುಕ್ಕು ಹಿಡಿದು ಬರದೇ ಹೋದರೆ ಕೆಲಸ ಅಲ್ಲಿಗೇ ನಿಲ್ಲಿಸಿ. ಇರುವ ಆಯಿಲ್ ಇಳಿಸಿ, ಹೊಸದು ತುಂಬಿಸಲು ದಾರಿ ಇಲ್ಲದಿದ್ದರೆ ಗಾಡಿ ಟೋಯಿಂಗ್‌ನಲ್ಲೇ ಹೋಗಬೇಕು.

ಈ ಗೇರ್‌ಬಾಕ್ಸ್‌ಗೆ ಟೊಯೊಟಾ ಹೇಳುವುದು ಡಬ್ಲ್ಯೂಎಸ್ ಅನ್ನುವ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಆಯಿಲ್. ಅದೇ ಹಾಕಿ. ಇಳಿದದ್ದನ್ನು ಅಳತೆ ಇರುವ ಕ್ಯಾನ್‌ಗೆ ಹಾಕಿ ನೋಡಿ. ಎಷ್ಟು ಇಳಿಯಿತೋ ಅಷ್ಟನ್ನೇ ಮೊದಲು ತುಂಬಿಸಿ.

ರೆಹಮಾನ್, ಗೇರ್‌ಬಾಕ್ಸ್ ಕೆಲಸ
ನಾನು ಬೇಡ ಅಂತೀನಿ ಸರ್. ಆಯಿಲ್ ಇಳಿಸುವುದು ಯಾರಿಗೂ ಬರುತ್ತದೆ. ಲೆವೆಲ್ ಕೂರಿಸುವುದೇ ಕಷ್ಟ. ಈ ಗಾಡಿಗೆ ಡಿಪ್‌ಸ್ಟಿಕ್ ಇಲ್ಲ. ಕೆಳಗೆ ಒಂದು ಚೆಕ್ ಬೋಲ್ಟ್ ಇರುತ್ತದೆ. ಎಂಜಿನ್ ಓಡುತ್ತಿರಬೇಕು, ಗಾಡಿ ನೆಲಕ್ಕೆ ಸಮವಾಗಿ ನಿಂತಿರಬೇಕು, ಆಯಿಲ್ ಬಿಸಿ ಕೈಪಿಡಿಯಲ್ಲಿ ಹೇಳಿದಷ್ಟೇ ಇರಬೇಕು. ಇಂಥ ಟೊಯೊಟಾಗಳಲ್ಲಿ ಅದು ಸುಮಾರು 40 ಡಿಗ್ರಿ ಆಸುಪಾಸು. ಆಗ ಚೆಕ್ ಬೋಲ್ಟ್ ಬಿಚ್ಚಿದರೆ ಜಾಸ್ತಿ ಇದ್ದ ಆಯಿಲ್ ಹೊರಗೆ ಬರುತ್ತದೆ. ಧಾರೆ ಸಣ್ಣಗಾಗಿ ತೊಟ್ಟಿಕ್ಕಲು ಶುರುವಾದಾಗ ಮುಚ್ಚಬೇಕು.

ಗೇರ್‌ಬಾಕ್ಸ್ ತೀರಾ ಬಿಸಿ ಇದ್ದಾಗ ಆಯಿಲ್ ಹಿಗ್ಗಿರುತ್ತದೆ. ಆಗ ನೋಡಿದರೆ ಬೇಕಾದ ಆಯಿಲ್ಲೂ ಹೊರಗೆ ಹೋಗುತ್ತದೆ. ತಣ್ಣಗಿದ್ದಾಗ ನೋಡಿದರೆ ಜಾಸ್ತಿ ತುಂಬಿಬಿಡುತ್ತೀರಿ. ಕಡಿಮೆಯಾದರೆ ಪಂಪ್ ಗಾಳಿ ಎಳೆಯುತ್ತದೆ, ಗೇರ್‌ಬಾಕ್ಸ್ ಒಳಗಿನ ಕ್ಲಚ್ ಜಾರುತ್ತದೆ. ಜಾಸ್ತಿಯಾದರೆ ತಿರುಗುವ ಭಾಗಗಳಿಗೆ ತಾಗಿ ನೊರೆಯೇಳುತ್ತದೆ, ಆಗಲೂ ಆಯಿಲ್ ಒತ್ತಡ ಕಡಿಮೆಯಾಗುತ್ತದೆ. ಎರಡರಲ್ಲೂ ಸಾಯುವುದು ಕ್ಲಚ್ ಪ್ಲೇಟ್.

ಪೀಣ್ಯ ಟರ್ನರ್
ರೆಹಮಾನ್ ಭಾಯ್, ನೀವು ಹೇಳಿದ್ದೆಲ್ಲ ನಿಜ. ಆದರೆ ಇದರಲ್ಲಿ ಮನೆಯಲ್ಲಿ ಮಾಡಲಾಗದ್ದು ಯಾವುದು? ನಾಲ್ಕು ಗಟ್ಟಿ ಸ್ಟ್ಯಾಂಡ್, ಆಯಿಲ್ ಬಿಸಿ ತೋರಿಸುವ ಸ್ಕ್ಯಾನರ್, ತಾಳ್ಮೆ. ಎಷ್ಟೋ ಗ್ಯಾರೇಜುಗಳಲ್ಲಿ ಬಿಸಿ ನೋಡುವುದೇ ಇಲ್ಲ, ಅಂದಾಜಿನ ಮೇಲೆ ಮುಚ್ಚುತ್ತಾರೆ. ತನ್ನ ಗಾಡಿ ಅಂತ ಮಾಡುವವನು ಅಷ್ಟು ಅವಸರ ಮಾಡುವುದಿಲ್ಲ.

ರೆಹಮಾನ್, ಗೇರ್‌ಬಾಕ್ಸ್ ಕೆಲಸ
ಸ್ಟ್ಯಾಂಡ್ ಅಂದಿರಲ್ಲ, ಅಲ್ಲೇ ನನಗೆ ಭಯ. ಲೆವೆಲ್ ನೋಡುವ ಮೊದಲು ಪಿ, ಆರ್, ಎನ್, ಡಿ ಎಲ್ಲದಕ್ಕೂ ಗೇರ್ ಹಾಕಿ ತೆಗೆಯಬೇಕು. ಕ್ರಿಸ್ಟಾದಲ್ಲಿ ಎಂಜಿನ್ ಶಕ್ತಿ ಹೋಗುವುದು ಹಿಂದಿನ ಚಕ್ರಕ್ಕೆ. ಸ್ಟ್ಯಾಂಡ್ ಮೇಲೆ ನಿಂತಾಗ ಡಿ ಹಾಕಿದರೆ ಹಿಂದಿನ ಚಕ್ರ ಗಾಳಿಯಲ್ಲಿ ತಿರುಗುತ್ತದೆ. ಬ್ರೇಕ್ ಒತ್ತಿ ಹಿಡಿಯಲು ಒಳಗೆ ಇನ್ನೊಬ್ಬರು ಬೇಕೇ ಬೇಕು. ಆ ಹೊತ್ತಿನಲ್ಲಿ ಗಾಡಿ ಕೆಳಗೆ ಯಾರೂ ಇರಬಾರದು. ಬರೀ ಜಾಕಿ ಮೇಲೆ ನಿಲ್ಲಿಸಿ ಕೆಳಗೆ ನುಗ್ಗುವವರನ್ನು ನೋಡಿದ್ದೇನೆ, ದಯವಿಟ್ಟು ಹಾಗೆ ಮಾಡಬೇಡಿ.

ಸುಮಾ, ಜಯನಗರ
ಜಾಗದ ವಿಷಯವನ್ನೂ ಸೇರಿಸಿ. ಬೆಂಗಳೂರಿನಲ್ಲಿ ಎಷ್ಟು ಮನೆ ಮುಂದೆ ಸಮತಟ್ಟಾದ ಕಾಂಕ್ರೀಟ್ ನೆಲ ಇದೆ? ಪೇವರ್ ಕಲ್ಲಿನ ಮೇಲೆ ಸ್ಟ್ಯಾಂಡ್ ಇಟ್ಟರೆ ಕಲ್ಲು ಕುಸಿಯಬಹುದು. ಮನೆ ಮುಂದಿನ ರಸ್ತೆ ಒಂದು ಕಡೆ ಇಳಿಜಾರು. ಅಪಾರ್ಟ್‌ಮೆಂಟ್ ಬೇಸ್‌ಮೆಂಟ್‌ನಲ್ಲಿ ಎಂಜಿನ್ ಓಡಿಸಿಕೊಂಡು ಕೂತರೆ ಹೊಗೆ ಅಲ್ಲೇ ಸುತ್ತುತ್ತದೆ.

ಲೈಫ್‌ಟೈಮ್ ಅನ್ನುವ ಮಾತನ್ನು ಮಾತ್ರ ನಂಬಬೇಡಿ. ಬಿಎಂಡಬ್ಲ್ಯೂ ತರಹದ ಗಾಡಿಗಳಿಗೆ ಗೇರ್‌ಬಾಕ್ಸ್ ಮಾಡುವ ಝಡ್‌ಎಫ್ ಕಂಪನಿಯೇ ತನ್ನ ಆಟೋಮ್ಯಾಟಿಕ್‌ಗಳಿಗೆ 80,000ದಿಂದ 1,20,000 ಕಿ.ಮೀ. ಒಳಗೆ, ಇಲ್ಲವೇ 8 ವರ್ಷಕ್ಕೆ ಆಯಿಲ್ ಬದಲಾಯಿಸಿ ಅನ್ನುತ್ತದೆ. ಗೇರ್‌ಬಾಕ್ಸ್ ಮಾಡಿದವರೇ ಹೀಗೆ ಹೇಳುವಾಗ ಮಾರುವವರ ಮಾತು ಯಾಕೆ ಕೇಳಬೇಕು?

ನಮ್ಮ ಟ್ರಾಫಿಕ್ ಬೇರೆ. ಸಿಲ್ಕ್ ಬೋರ್ಡ್, ಹೆಬ್ಬಾಳದಲ್ಲಿ ತೆವಳುವಾಗ ಎಂಜಿನ್ ಮತ್ತು ಗೇರ್‌ಬಾಕ್ಸ್ ನಡುವೆ ಇರುವ ಟಾರ್ಕ್ ಕನ್ವರ್ಟರ್ ಲಾಕ್ ಆಗುವುದಿಲ್ಲ, ಅಂದರೆ ಎರಡೂ ನೇರವಾಗಿ ಜೋಡಿಯಾಗುವುದಿಲ್ಲ. ಎಂಜಿನ್ ಶಕ್ತಿಯೆಲ್ಲ ಆಯಿಲ್ ಮೂಲಕವೇ ದಾಟಬೇಕು. ಹಾಗೆ ಕಡೆಯುವುದರಿಂದಲೇ ಆಯಿಲ್ ಬಿಸಿಯೇರುವುದು. ತುಮಕೂರು ರಸ್ತೆಯಲ್ಲಿ ಓಡಿದ ಲಕ್ಷ ಕಿ.ಮೀ.ಗೂ ಔಟರ್ ರಿಂಗ್ ರೋಡಿನಲ್ಲಿ ತೆವಳಿದ ಲಕ್ಷಕ್ಕೂ ಬಹಳ ವ್ಯತ್ಯಾಸ ಇದೆ.

ಕಾರ್ತಿಕ್ ಯಲಹಂಕ
ಹಳೇ ಆಯಿಲ್ ತೆಗೆದರೆ ಗೇರ್‌ಬಾಕ್ಸ್ ಹೋಗುತ್ತದೆ ಅಂತಾರಲ್ಲ, ಅದು? ಮತ್ತೆ ನನ್ನದು ಹೋಂಡಾ ಸಿಟಿ ಸಿವಿಟಿ. ಇದೇ ಆಯಿಲ್ ನಡೆಯುತ್ತದಾ?

ಪೀಣ್ಯ ಟರ್ನರ್
ಖಂಡಿತ ಬೇಡ! ಸಿವಿಟಿಯಲ್ಲಿ ಲೋಹದ ಬೆಲ್ಟ್ ಮತ್ತು ಪುಲ್ಲಿ ಜಾರದಂತೆ ಹಿಡಿದಿರಬೇಕು. ಅದಕ್ಕೇ ಅಂತ ಬೇರೆ ಆಯಿಲ್ ಇದೆ, ನಿಮ್ಮ ಕೈಪಿಡಿಯಲ್ಲಿ ಹೆಸರು ಬರೆದಿರುತ್ತದೆ. ಇನ್ನು ಎಎಂಟಿ ಅಂದರೆ ಒಳಗಿರುವುದು ಮ್ಯಾನುಯಲ್ ಗೇರ್‌ಬಾಕ್ಸೇ, ಅದಕ್ಕೆ ಗೇರ್ ಆಯಿಲ್. ಎರಡು ಪೆಡಲ್ ಇದ್ದ ಮಾತ್ರಕ್ಕೆ ಎಲ್ಲವೂ ಒಂದೇ ಅಲ್ಲ.

ಹಳೇ ಆಯಿಲ್ ವಿಷಯ: ಜನ ಆಯಿಲ್ ಬದಲಾಯಿಸಲು ಹೋಗುವುದೇ ಗೇರ್ ಜಾರಲು ಶುರುವಾದ ಮೇಲೆ. ಅಷ್ಟೊತ್ತಿಗೆ ಪ್ಲೇಟ್ ಸವೆದಿರುತ್ತದೆ. ಆಮೇಲೆ ಗೇರ್‌ಬಾಕ್ಸ್ ಕೂತರೆ ಬೈಗುಳ ಹೊಸ ಆಯಿಲ್‌ಗೆ.

ರೆಹಮಾನ್, ಗೇರ್‌ಬಾಕ್ಸ್ ಕೆಲಸ
ಪೂರ್ತಿ ಹಾಗಲ್ಲ. ಒತ್ತಡದ ಮೆಷಿನ್ ಹಾಕಿ ಫ್ಲಶ್ ಮಾಡಿದಾಗ ಒಳಗೆ ಕೂತಿದ್ದ ಕೊಳೆ ಎದ್ದು, ಆಯಿಲ್ ಒತ್ತಡ ಹಂಚಿ ಗೇರ್ ಬದಲಿಸುವ ವಾಲ್ವ್ ಬಾಡಿಗೆ ಸಿಕ್ಕಿಕೊಂಡ ಗಾಡಿಗಳು ನನ್ನ ಹತ್ತಿರ ಬಂದಿವೆ. ಅದಕ್ಕೇ ಮಧು ಸರ್, ಯಾರು ಮಾಡಿದರೂ ಸರಿ, ಫ್ಲಶ್ ಬೇಡ. ಇಳಿಸಿ ತುಂಬಿಸುವುದೇ ಸಾಕು.

ಮಧು, ನಾಗರಭಾವಿ
ಇಳಿಸಿದರೆ ಎಲ್ಲ ಆಯಿಲ್ ಬರುವುದಿಲ್ಲವಂತೆ?

ಪೀಣ್ಯ ಟರ್ನರ್
ಬರುವುದಿಲ್ಲ. ಟಾರ್ಕ್ ಕನ್ವರ್ಟರ್ ಮತ್ತು ಕೂಲರ್ ಪೈಪಿನಲ್ಲಿ ಉಳಿಯುತ್ತದೆ. ಲೆಕ್ಕಕ್ಕೆ ಒಟ್ಟು 10 ಲೀಟರ್ ಅಂದುಕೊಳ್ಳಿ, 4 ಇಳಿಯಿತು. ಮೊದಲ ಸಲ 40% ಹೊಸದಾಯಿತು. ನಡುವೆ ಗಾಡಿ ಓಡಿಸಿ ಇನ್ನೊಂದು ಸಲ ಮಾಡಿದರೆ 64%, ಮೂರನೇ ಸಲಕ್ಕೆ 78%. ಹೀಗೆ ನಿಧಾನಕ್ಕೆ ಮಾಡುವುದರಿಂದ ಗೇರ್‌ಬಾಕ್ಸ್‌ಗೆ ಒಮ್ಮೆಲೇ ಏಟು ಬೀಳುವುದಿಲ್ಲ. ಒಂದು ಸಲ ಮಾಡಿದ ಮೇಲೇ ಜರ್ಕ್‌ನಲ್ಲಿ ವ್ಯತ್ಯಾಸ ಗೊತ್ತಾದರೂ ಆಗಬಹುದು.

ರೆಹಮಾನ್, ಗೇರ್‌ಬಾಕ್ಸ್ ಕೆಲಸ
ಜರ್ಕ್ ಆಯಿಲ್‌ನದ್ದೇ ಅಂತ ಈಗಲೇ ತೀರ್ಮಾನ ಮಾಡಬೇಡಿ. ಎಂಜಿನ್ ಮೌಂಟಿಂಗ್ ಹೋಗಿದ್ದರೂ ಹೀಗೇ ಆಗುತ್ತದೆ, ಆಯಿಲ್ ದಾರಿ ತೆರೆದು ಮುಚ್ಚುವ ಸೊಲೆನಾಯ್ಡ್ ಇರಬಹುದು. ಮೊದಲು ಸ್ಕ್ಯಾನ್ ಮಾಡಿಸಿ, ದೋಷದ ಕೋಡ್ ಇದೆಯಾ ನೋಡಿ. ಆಯಿಲ್ ಇಳಿಸಿದಾಗ ಮೂಸಿ ನೋಡಿ. ಕಪ್ಪಗಿದ್ದರೆ ಗಾಬರಿ ಬೇಡ, ಸುಟ್ಟ ವಾಸನೆ ಇದ್ದರೆ ಯೋಚನೆ ಮಾಡಬೇಕು.

ಮಧು, ನಾಗರಭಾವಿ
ಫಿಲ್ಟರ್?

ಪೀಣ್ಯ ಟರ್ನರ್
ಗೇರ್‌ಬಾಕ್ಸ್ ತಳದಲ್ಲಿ ಆಯಿಲ್ ನಿಲ್ಲುವ ಪ್ಯಾನ್ ಬಿಚ್ಚಿದರೆ ಒಳಗೆ ಸಿಗುತ್ತದೆ, ಅಂಗಡಿಯವರು ಸ್ಟ್ರೈನರ್ ಅನ್ನುತ್ತಾರೆ. ಹಳೇ ಫಿಲ್ಟರ್‌ನ ಓ-ರಿಂಗ್ (ರಬ್ಬರ್ ಬಳೆ) ಮೇಲ್ಗಡೆ ಗೇರ್‌ಬಾಕ್ಸ್‌ಗೇ ಅಂಟಿಕೊಂಡು ಉಳಿದಿಲ್ಲ ತಾನೇ ಅಂತ ಕೈ ಹಾಕಿ ನೋಡಿ. ಉಳಿದಿದ್ದರೆ ಹೊಸದು ಸರಿಯಾಗಿ ಕೂರದೆ ಗಾಳಿ ಎಳೆಯುತ್ತದೆ. ಪ್ಯಾನ್ ಒಳಗೆ ಆಯಸ್ಕಾಂತ ಇರುತ್ತದೆ. ಅದರ ಮೇಲೆ ಬೂದು ಬಣ್ಣದ ನುಣ್ಣನೆ ಕೆಸರು ಇದ್ದರೆ ಅದು ಮಾಮೂಲಿ ಸವೆತ. ಕೈಗೆ ಸಿಗುವಂಥ ಲೋಹದ ಚೂರು ಕಂಡರೆ ಕೆಲಸ ನಿಲ್ಲಿಸಿ ರೆಹಮಾನ್ ಭಾಯ್‌ಗೆ ತೋರಿಸಿ. ನೂಲು ಬಿಡುವ ವೇಸ್ಟ್ ಬಟ್ಟೆಯಲ್ಲಿ ಪ್ಯಾನ್ ಒರೆಸಬೇಡಿ, ಎಳೆ ಹೋಗಿ ವಾಲ್ವ್‌ನಲ್ಲಿ ಕೂರುತ್ತದೆ.

ಪ್ಯಾನ್ ಬೋಲ್ಟ್ ಸಣ್ಣವು. ಟಾರ್ಕ್ ರೆಂಚ್ ಇಲ್ಲದೆ ಬಿಗಿಯಬೇಡಿ. ಜೋರಾಗಿ ಬಿಗಿದರೆ ಪ್ಯಾನ್ ಅಂಚು ಬಾಗಿ, ಪ್ಯಾಕಿಂಗ್ ಹೊಸದಿದ್ದರೂ ಸೋರುತ್ತದೆ.

ರೆಹಮಾನ್, ಗೇರ್‌ಬಾಕ್ಸ್ ಕೆಲಸ
ಪ್ಯಾನ್ ಬಿಚ್ಚುವುದಕ್ಕೆ ನಾನು ಒಪ್ಪುವುದಿಲ್ಲ. ಮನೆ ಮುಂದೆ ಧೂಳು ಹಾರುತ್ತಿರುತ್ತದೆ, ಪ್ಯಾನ್ ತೆಗೆದರೆ ವಾಲ್ವ್ ಬಾಡಿ ಪೂರ್ತಿ ಬಯಲಿಗೆ ಬೀಳುತ್ತದೆ. ಫಿಲ್ಟರ್ ಕೆಲಸ ಗ್ಯಾರೇಜಿನಲ್ಲಿ ಮಾಡಿಸಿ. ಬರೀ ಆಯಿಲ್ ಆದರೆ ನೀವೇ ಮಾಡಿಕೊಳ್ಳಿ, ಅಷ್ಟರ ಮಟ್ಟಿಗೆ ಬಿಡುತ್ತೇನೆ.

ಸುಮಾ, ಜಯನಗರ
ಇಳಿಸಿದ ಆಯಿಲ್ ಎಲ್ಲಿಗೆ? ಅದನ್ನು ಯಾರೂ ಹೇಳಲೇ ಇಲ್ಲ. ನಾಗರಭಾವಿ ಚರಂಡಿಗೆ ಸುರಿದರೆ ವೃಷಭಾವತಿಗೆ ಸೇರುತ್ತದೆ. ಅಲ್ಲಿಂದ ಬಿಡದಿ ಹತ್ತಿರದ ಬೈರಮಂಗಲ ಕೆರೆಗೆ. ಆ ನೀರನ್ನೇ ಹೊಲಕ್ಕೆ ಹಾಯಿಸುವ ರೈತರಿದ್ದಾರೆ. 2016ರ ನಿಯಮದ ಪ್ರಕಾರ ಹಳೇ ಆಯಿಲ್ ಅಪಾಯಕಾರಿ ತ್ಯಾಜ್ಯ. ಕಸದ ಗಾಡಿಗೂ ಕೊಡಬೇಡಿ. ಮುಚ್ಚಳ ಗಟ್ಟಿ ಇರುವ ಕ್ಯಾನ್‌ಗೆ ತುಂಬಿಸಿ, ಹಳೇ ಆಯಿಲ್ ಬ್ಯಾರೆಲ್‌ನಲ್ಲಿ ಕೂಡಿಟ್ಟು ಪರವಾನಗಿ ಇರುವ ರೀಸೈಕ್ಲಿಂಗ್‌ನವರಿಗೆ ಕೊಡುವ ಗ್ಯಾರೇಜಿಗೆ ತಲುಪಿಸಿ.

ಮಧು, ನಾಗರಭಾವಿ
ಆಯಿತು. ಮೊದಲು ಸ್ಕ್ಯಾನ್ ಮಾಡಿಸುತ್ತೇನೆ. ಕೆಂಗೇರಿಯಲ್ಲಿ ಭಾವನ ಶೆಡ್ ಇದೆ, ಕಾಂಕ್ರೀಟ್ ನೆಲ, ಸಮ ಇದೆ. ಬ್ರೇಕ್ ಒತ್ತಲು ಭಾವನೂ ಇರುತ್ತಾರೆ. ಈ ಸಲ ಇಳಿಸಿ ತುಂಬಿಸುವುದು ಮಾತ್ರ. ಟರ್ನರ್ ಸರ್, ಸಾವಿರ ರೂಪಾಯಿಯ ಬ್ಲೂಟೂತ್ ಸ್ಕ್ಯಾನರ್ ಸಾಕಾ?

ಪೀಣ್ಯ ಟರ್ನರ್
ಕೊಳ್ಳುವ ಮೊದಲು ನೋಡಿ. ಅಗ್ಗದ ಎಷ್ಟೋ ಸ್ಕ್ಯಾನರ್ ಎಂಜಿನ್ ಕೂಲೆಂಟ್ ಬಿಸಿ ತೋರಿಸುತ್ತವೆ, ಗೇರ್‌ಬಾಕ್ಸ್‌ನದ್ದಲ್ಲ. ಟೊಯೊಟಾದ ಗೇರ್‌ಬಾಕ್ಸ್ ಆಯಿಲ್ ಬಿಸಿ ಓದುತ್ತದಾ ಅಂತ ಕೇಳಿಯೇ ತೆಗೆದುಕೊಳ್ಳಿ.

ರೆಹಮಾನ್, ಗೇರ್‌ಬಾಕ್ಸ್ ಕೆಲಸ
ಬೆಳಗ್ಗೆ ಗಾಡಿ ತಣ್ಣಗಿದ್ದಾಗಲೇ ಶುರು ಮಾಡಿ ಸರ್. ಮಧ್ಯಾಹ್ನ ಓಡಿಸಿಕೊಂಡು ಬಂದು ನಿಲ್ಲಿಸಿದರೆ ಆಯಿಲ್ 40ಕ್ಕೆ ಇಳಿಯಲು ಗಂಟೆಗಟ್ಟಲೆ ಕಾಯಬೇಕು. ಚೆಕ್ ಬೋಲ್ಟ್‌ಗೆ ಹೊಸ ವಾಷರ್ ಈಗಲೇ ತಂದಿಟ್ಟುಕೊಳ್ಳಿ, ಜೆ.ಸಿ. ರೋಡಿನಲ್ಲಿ ಸಿಗುತ್ತದೆ.