ಬಲೆಗೆ ಕಟ್ಟುವ ಸೀಸದ ಗುಂಡಿನಿಂದ ಹಿನ್ನೀರಿನ ಬಾತು ಸಾಯುತ್ತಾ?

ಪ್ರಶ್ನೆ ಕೇಳಿದವರು: ಹಿನ್ನೀರ ಮನೆ, ಬಾಗಲಕೋಟೆ

ಎಲ್ಲರಿಗೂ ನಮಸ್ಕಾರ. ನಮ್ಮೂರು ಬಾಗಲಕೋಟೆ ಹತ್ತಿರ, ಘಟಪ್ರಭೆಯ ಹಿನ್ನೀರಿನ ದಂಡೆಯಲ್ಲಿದೆ. ಮನೆಯಲ್ಲಿ ಮೀನು ಹಿಡಿಯುವುದೇ ಕಸುಬು. ನಾನು ಅಂಗನವಾಡಿಯಲ್ಲಿ ಕೆಲಸ ಮಾಡುತ್ತೇನೆ.

ಬೇಸಿಗೆಯಲ್ಲಿ ಆಲಮಟ್ಟಿ ನೀರು ಇಳಿದಾಗ ನಮ್ಮ ಕಡೆ ಕರಿ ಕೆಸರು ಮೇಲೆ ಬರುತ್ತದೆ. ಹಕ್ಕಿಗಳೆಲ್ಲ ಆ ಕೆಸರಿನಲ್ಲೇ ಮೇಯುತ್ತವೆ. ಹರಿದ ಬಲೆಗಳೂ ಅಲ್ಲೇ ಬಿದ್ದಿರುತ್ತವೆ, ಅಂಚಿನ ಸೀಸದ ಗುಂಡು ಸಮೇತ. ಮೊನ್ನೆ ಅಲ್ಲೊಂದು ಬಾತು ಸಿಕ್ಕಿತು. ಕರಿ ಕೊಕ್ಕು, ತುದಿ ಹಳದಿ ಇರುವ ಜಾತಿ. ಓಡಿಸಿದರೂ ಹಾರಲಿಲ್ಲ. ಎರಡೂ ರೆಕ್ಕೆ ಜೋತು ಬಿದ್ದಿದ್ದವು. ಎತ್ತಿಕೊಂಡಾಗ ಎದೆಯ ನಡುವಿನ ಮೂಳೆ ಕುಡುಗೋಲಿನ ಅಂಚಿನಂತೆ ಕೈಗೆ ಸಿಕ್ಕಿತು, ಅಕ್ಕಪಕ್ಕ ಮಾಂಸವೇ ಇರಲಿಲ್ಲ. ಬಾಲದ ಕೆಳಗಿನ ಪುಕ್ಕಕ್ಕೆಲ್ಲ ಹಸಿರು ಹಿಕ್ಕೆ ಅಂಟಿಕೊಂಡಿತ್ತು. ಮರುದಿನ ಬೆಳಗ್ಗೆ ಸತ್ತಿತ್ತು. ಗುಂಡಿ ತೋಡಿ ಹೂತೆವು.

ಈಗ ಇನ್ನೊಂದು ವಿಷಯ. ಬಲೆಯ ಗುಂಡನ್ನು ನಮ್ಮ ಭಾವನೇ ಮಾಡುತ್ತಾರೆ. ಟ್ರ್ಯಾಕ್ಟರಿನ ಹಳೆ ಬ್ಯಾಟರಿ, ಯುಪಿಎಸ್ ಬ್ಯಾಟರಿ ಗುಜರಿಯಿಂದ ತರುತ್ತಾರೆ. ಹಿತ್ತಲಲ್ಲಿ ಒಡೆದು, ಪ್ಲೇಟು ಬಡಿದು ಬೂದು ಪುಡಿ ಉದುರಿಸುತ್ತಾರೆ. ಉಳಿದದ್ದನ್ನು ಕಬ್ಬಿಣದ ಬಾಣಲೆಯಲ್ಲಿ ಕಟ್ಟಿಗೆ ಉರಿಗೆ ಕರಗಿಸುತ್ತಾರೆ. ಹಸಿ ಮರಳು ಮುಟ್ಟಿದರೆ ಸಿಡಿಯುತ್ತದೆ ಅಂತ ಮೊದಲು ಮರಳು ಒಣಗಿಸಿ, ಅದರಲ್ಲಿ ಬೆರಳಿನಿಂದ ಗೆರೆ ಎಳೆದು ಸುರಿಯುತ್ತಾರೆ. ಆರಿದ ಮೇಲೆ ತಟ್ಟಿ, ತುಂಡು ಮಾಡಿ ಬಲೆಯ ಹಗ್ಗಕ್ಕೆ ಸುತ್ತುತ್ತಾರೆ. ಸಡಿಲಾದದ್ದನ್ನು ಹಲ್ಲಿನಿಂದ ಕಚ್ಚಿ ಬಿಗಿ ಮಾಡುತ್ತಾರೆ. ಅವರ ಮಗನಿಗೆ ಮೂರು ವರ್ಷ, ಅಲ್ಲೇ ಆಡುತ್ತಾನೆ. ಕೋಳಿಗಳೂ ಅಲ್ಲೇ ಕೆದಕುತ್ತವೆ.

ಬಾತು ಸತ್ತದ್ದು ಸೀಸದಿಂದಲೇ ಇರಬಹುದಾ? ಅಲ್ಲಿನ ಮೀನು ತಿನ್ನಬಹುದಾ? ಭಾವ ಕೆಟ್ಟವರಲ್ಲ, ದುಡಿದು ತಿನ್ನುವವರು. ಅವರಿಗೆ ಹೇಗೆ ಹೇಳಬೇಕು ಅನ್ನುವುದೇ ನನಗೆ ತಿಳಿಯುತ್ತಿಲ್ಲ.


ಉತ್ತರ: ಹಳೆ ಪಶುವೈದ್ಯ, ವಿಜಯಪುರ

ತಂಗಿ, ಸರ್ಕಾರಿ ಪಶು ಆಸ್ಪತ್ರೆಗಳಲ್ಲಿ ಕೆಲಸ ಮಾಡಿ ನಿವೃತ್ತನಾದವನು ನಾನು. ಜೋತ ರೆಕ್ಕೆ, ಸವೆದ ಎದೆ, ಹಸಿರು ಹಿಕ್ಕೆ. ಇವು ಮೂರೂ ಒಂದೇ ಹಕ್ಕಿಯಲ್ಲಿ ಕಂಡರೆ ಸೀಸದ ಮೇಲೆ ಅನುಮಾನ ಪಡಲೇಬೇಕು. ಆದರೆ ಬರೀ ಲಕ್ಷಣ ನೋಡಿ ಖಾತ್ರಿ ಮಾಡಲು ಆಗುವುದಿಲ್ಲ. 2019ರಲ್ಲಿ ರಾಜಸ್ಥಾನದ ಸಾಂಭರ್ ಸರೋವರದಲ್ಲಿ ಸಾವಿರಾರು ಹಕ್ಕಿ ಸತ್ತವು. ಅದು ಬಾಟ್ಯುಲಿಸಂ, ಬ್ಯಾಕ್ಟೀರಿಯಾದ ವಿಷ. ಅದರಲ್ಲೂ ರೆಕ್ಕೆ, ಕಾಲು ಸೋಲುತ್ತವೆ, ಕತ್ತು ಎತ್ತಲು ಆಗುವುದಿಲ್ಲ. ಆದರೆ ಅದು ಬೇಗ ಕೊಲ್ಲುತ್ತದೆ, ಹಕ್ಕಿ ಸೊರಗುವಷ್ಟು ಸಮಯ ಇರುವುದಿಲ್ಲ. ನಿಮ್ಮ ಬಾತು ಎಲುಬು ಕಾಣುವಷ್ಟು ಬಡಕಲಾಗಿತ್ತು ಅಂದರೆ ಬಹಳ ದಿನ ನರಳಿದೆ. ಅದಕ್ಕೇ ನನ್ನ ಅನುಮಾನ ಸೀಸದ ಕಡೆ ವಾಲುತ್ತದೆ.

ಹೇಗೆ ಆಗುತ್ತದೆ ಹೇಳುತ್ತೇನೆ. ಹಕ್ಕಿಗೆ ಹಲ್ಲಿಲ್ಲ. ಕಾಳು ಅರೆಯಲು ಸಣ್ಣ ಹರಳು ನುಂಗುತ್ತದೆ. ಕೋಳಿ ಕೊಯ್ದಾಗ ಒಳಗೆ ಮರಳು ತುಂಬಿದ ಗಟ್ಟಿ ಮಾಂಸದ ಚೀಲ ಸಿಗುತ್ತದಲ್ಲ, ಹರಳು ಇರುವುದು ಅದರಲ್ಲೇ. ಕೆಸರಿನಲ್ಲಿ ಸೀಸದ ಚೂರು ಸಿಕ್ಕರೆ ಬಾತು ಅದನ್ನೂ ಹರಳು ಅಂತಲೇ ನುಂಗುತ್ತದೆ. ಕಲ್ಲೇ ಸವೆಯುವ ಜಾಗ ಅದು, ಮೆತ್ತಗಿನ ಸೀಸ ಎಷ್ಟು ತಾಳೀತು? ಅರೆದು, ಹೊಟ್ಟೆಯ ಆಮ್ಲದಲ್ಲಿ ಕರಗಿ ರಕ್ತಕ್ಕೆ ಇಳಿಯುತ್ತದೆ. ನರಗಳು ಸೋಲುತ್ತವೆ. ಹೊಟ್ಟೆಯ ಸ್ನಾಯು ಕೆಲಸ ನಿಲ್ಲಿಸುತ್ತದೆ. ತಿಂದದ್ದು ಮುಂದೆ ಸಾಗುವುದಿಲ್ಲ. ಗಂಟಲವರೆಗೆ ಮೇವಿದ್ದೂ ಹಕ್ಕಿ ಉಪವಾಸದಿಂದ ಸಾಯುತ್ತದೆ. ಇದಕ್ಕಿಂತ ಸಂಕಟದ ಸಾವು ನಾನು ಹಕ್ಕಿಗಳಲ್ಲಿ ಕಂಡಿಲ್ಲ.

ಇಂಗ್ಲೆಂಡಿನಲ್ಲಿ ಗಾಳದವರು ಬಿಟ್ಟ ಸೀಸದ ಗುಂಡು ನುಂಗಿ ಹಂಸಗಳು ಹೀಗೇ ಸಾಯುತ್ತಿದ್ದವು. 1987ರಲ್ಲಿ ಗಾಳದ ಸಣ್ಣ ಸೀಸದ ಗುಂಡು ಮಾರುವುದನ್ನೇ ಅಲ್ಲಿ ನಿಷೇಧಿಸಿದರು. ಆಮೇಲೆ ಥೇಮ್ಸ್ ನದಿಯಲ್ಲಿ ಹಂಸಗಳು ಮತ್ತೆ ಹೆಚ್ಚಿದವು. ಒಂದು ಮಾತು ನೆನಪಿಡಿ. ಬಲೆಯ ದೊಡ್ಡ ಗುಂಡನ್ನು ಬಾತು ನುಂಗುವುದು ಕಷ್ಟ. ಅಪಾಯ ಇರುವುದು ಕತ್ತರಿಸುವಾಗ ಉದುರುವ ಚೂರು, ಗಾಳದ ದಾರಕ್ಕೆ ಕಚ್ಚಿಸುವ ಸಣ್ಣ ಗುಂಡು ಇವುಗಳಲ್ಲಿ.

ಸತ್ತ ಬಾತನ್ನು ಹೂತದ್ದು ಒಳ್ಳೆಯದಾಯಿತು. ಬಯಲಲ್ಲಿ ಬಿಟ್ಟಿದ್ದರೆ ಹದ್ದು, ನಾಯಿ ತಿಂದು ಅವುಗಳ ಹೊಟ್ಟೆಗೂ ಸೀಸ ಹೋಗುತ್ತಿತ್ತು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಕಾಂಡೋರ್ ಅನ್ನುವ ದೊಡ್ಡ ರಣಹದ್ದು ಅಳಿವಿನ ಅಂಚಿಗೆ ಹೋದದ್ದರಲ್ಲಿ ಬೇಟೆಗಾರರ ಸೀಸದ ಗುಂಡಿನ ಪಾಲು ದೊಡ್ಡದು. ಗುಂಡು ತಗುಲಿದ ಪ್ರಾಣಿಯ ಹೆಣ, ಕರುಳು ತಿಂದು ಅವು ಸಾಯುತ್ತಿದ್ದವು. ಮುಂದೆ ಇಂಥ ಹಕ್ಕಿ ಕಂಡರೆ ಬರಿಗೈಯಲ್ಲಿ ಮುಟ್ಟಬೇಡಿ, ಹಕ್ಕಿ ಜ್ವರವೂ ಇರಬಹುದು. ಅರಣ್ಯ ಇಲಾಖೆಗೆ ತಿಳಿಸಿ. ಕಾಡುಹಕ್ಕಿಯನ್ನು ಮನೆಯಲ್ಲಿ ಇಟ್ಟುಕೊಳ್ಳಲು 1972ರ ವನ್ಯಜೀವಿ ಕಾಯ್ದೆಯಲ್ಲಿ ಅವಕಾಶವಿಲ್ಲ. ಜೀವಂತ ಸಿಕ್ಕರೆ ಎಕ್ಸ್‌ರೇಯಲ್ಲಿ ಸೀಸದ ಚೂರು ಬೆಳ್ಳಗೆ ಎದ್ದು ಕಾಣುತ್ತದೆ. ರಕ್ತದಿಂದ ಸೀಸ ತೆಗೆಯುವ ಇಂಜೆಕ್ಷನ್ನೂ ಇದೆ.

ಮೀನಿನ ವಿಷಯ. ಸೀಸ ಹೆಚ್ಚಾಗಿ ಮೀನಿನ ಮುಳ್ಳು, ಕಿವಿರು, ಕರುಳಿನಲ್ಲಿ ಸೇರುತ್ತದೆ, ಮಾಂಸದಲ್ಲಿ ಕಡಿಮೆ. ಕಿವಿರು, ಕರುಳು ತೆಗೆದು ತೊಳೆದು ತಿನ್ನಿ. ಪಾದರಸದ ಕಥೆ ಬೇರೆ. ಅದು ಮಾಂಸದಲ್ಲೇ ಸೇರುತ್ತದೆ, ಸಣ್ಣ ಮೀನಿನಿಂದ ದೊಡ್ಡ ಮೀನಿಗೆ ಹೋದ ಹಾಗೆ ಹೆಚ್ಚುತ್ತದೆ. ಜಪಾನಿನ ಮಿನಮಾಟಾದಲ್ಲಿ ಕಾರ್ಖಾನೆ ಸಮುದ್ರಕ್ಕೆ ಬಿಟ್ಟ ಪಾದರಸದಿಂದ ಜನಕ್ಕೆ ಬಂದ ಕಾಯಿಲೆ 1956ರಲ್ಲಿ ಬೆಳಕಿಗೆ ಬಂತು. ಮೀನು ತಿಂದ ಬೆಕ್ಕುಗಳು ಅದಕ್ಕೂ ಮೊದಲೇ ಹುಚ್ಚು ಹಿಡಿದಂತೆ ಕುಣಿದು ಸತ್ತಿದ್ದವು. ನಿಮ್ಮಲ್ಲಿ ಅಂಥದ್ದೇನೂ ಕಾಣುತ್ತಿಲ್ಲ.

ಬಾತಿಗಿಂತ ನಿಮ್ಮ ಹಿತ್ತಲು ನನಗೆ ಜಾಸ್ತಿ ಚಿಂತೆ ತಂದಿದೆ. ಸೀಸ 327 ಡಿಗ್ರಿಗೇ ಕರಗುತ್ತದೆ, ಕಟ್ಟಿಗೆ ಒಲೆ ಸಾಕು. ಅಷ್ಟು ಸುಲಭ ಅನ್ನುವುದೇ ಇದರ ಕೇಡು. ಪ್ಲೇಟಿನಿಂದ ಉದುರುವ ಬೂದು ಪುಡಿಯೂ ಸೀಸವೇ. ಅದು ಗಾಳಿಗೆ ಹಾರಿ ನೆಲ, ಹಾಸಿಗೆ, ನೀರಿನ ಕೊಡ ಎಲ್ಲದರ ಮೇಲೂ ಕೂರುತ್ತದೆ. ಮಗು ನೆಲ ಮುಟ್ಟಿದ ಕೈಯನ್ನು ಬಾಯಿಗೆ ಹಾಕುತ್ತದೆ. ಹೊಟ್ಟೆಗೆ ಹೋದ ಸೀಸವನ್ನು ಸಣ್ಣ ಮಕ್ಕಳ ಮೈ ದೊಡ್ಡವರಿಗಿಂತ ನಾಲ್ಕೈದು ಪಟ್ಟು ಹೆಚ್ಚು ಹೀರುತ್ತದೆ. ಇಷ್ಟು ಸೀಸದಿಂದ ತೊಂದರೆ ಇಲ್ಲ ಅನ್ನುವ ಮಟ್ಟವೇ ಇಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆಫ್ರಿಕಾದ ಸೆನೆಗಲ್‌ನಲ್ಲಿ, ಡಕಾರ್ ಪಕ್ಕದ ತಿಯಾರೋಯ್ ಸುರ್ ಮೇರ್ ಅನ್ನುವ ಊರಿನಲ್ಲಿ ಹಳೆ ಬ್ಯಾಟರಿಯ ಸೀಸ ಬೆರೆತ ಮಣ್ಣನ್ನು ಜರಡಿ ಹಿಡಿದು ಮಾರುತ್ತಿದ್ದರು. 2007ರ ನವೆಂಬರಿನಿಂದ 2008ರ ಮಾರ್ಚ್ ಒಳಗೆ ಅಲ್ಲಿ 18 ಮಕ್ಕಳು ಸತ್ತರು.

ಆ ಮಗುವಿನ ರಕ್ತದಲ್ಲಿ ಸೀಸ ಎಷ್ಟಿದೆ ಅಂತ ಪರೀಕ್ಷೆ ಮಾಡಿಸಿ. ಮಕ್ಕಳ ಡಾಕ್ಟರಿಗೆ ಬ್ಯಾಟರಿ ವಿಷಯ ಬಿಚ್ಚಿ ಹೇಳಿ, ಇಲ್ಲದಿದ್ದರೆ ರಕ್ತ ಕಡಿಮೆ ಅಂತ ಟಾನಿಕ್ ಬರೆದು ಕಳಿಸುತ್ತಾರೆ. ಹಿತ್ತಲಿನ ಕೋಳಿಯ ಮೊಟ್ಟೆಯನ್ನು ಸದ್ಯಕ್ಕೆ ಮಗುವಿಗೆ ಕೊಡಬೇಡಿ. ನೆಲ ಕೆದಕಿ ತಿನ್ನುವ ಕೋಳಿಯ ಮೊಟ್ಟೆಗೂ ಸೀಸ ಇಳಿಯುತ್ತದೆ.


ಉತ್ತರ: ನದಿ ನಮ್ಮದು, ಗೋಕಾಕ

ಒಂದು ಮಾತು ಬೇಸರದಿಂದಲೇ ಹೇಳುತ್ತೇನೆ. ನದಿಗೆ ಊರಿನ ಚರಂಡಿ ಬರುತ್ತದೆ, ಕಾರ್ಖಾನೆ ನೀರು ಬರುತ್ತದೆ. ಅದನ್ನೆಲ್ಲ ಬಿಟ್ಟು ಬಡ ಮೀನುಗಾರನ ಬಲೆ ಹಿಡಿದು ಕೂತರೆ ಹೇಗೆ? ಅವರ ಹೊಟ್ಟೆಪಾಡಿನ ಮೇಲೆ ಬರೆ ಎಳೆಯಬೇಡಿ.


ಉತ್ತರ: ತೆಪ್ಪದ ಅಣ್ಣ, ಕೊಲ್ಹಾರ

ಗೋಕಾಕದವರೇ, ನಾನೂ ಬಲೆ ಬೀಸುವವನೇ. ಚರಂಡಿ ವಿಷಯ ಕೇಳಲೇಬೇಕು, ಕೇಳೋಣ. ಆದರೆ ಈ ಹೊಗೆ ಮೊದಲು ಹೋಗುವುದು ನಮ್ಮದೇ ಮಕ್ಕಳ ಮೂಗಿಗೆ. ಇದನ್ನು ನಿಲ್ಲಿಸಲು ನಾವು ಯಾರ ಅಪ್ಪಣೆಗೂ ಕಾಯಬೇಕಿಲ್ಲ ಅಲ್ವಾ?

ತಂಗೀ, ನಿಮ್ಮ ಭಾವನಿಗೆ ಹೇಳಲು ಒಂದು ದಾರಿ ಇದೆ. ಬಾತಿನ ಮಾತು ಮೊದಲು ಎತ್ತಬೇಡಿ. "ಬಾತು ಸತ್ತರೆ ನನಗೇನು" ಅಂದುಬಿಡುತ್ತಾರೆ, ಆಮೇಲೆ ಮಾತು ಮುಂದೆ ಹೋಗುವುದಿಲ್ಲ. ಮಗನ ಮಾತು ಎತ್ತಿ. ಕೆಲಸದ ಮಾತೂ ಇರಲಿ. ನಾನು ಬೀಸು ಬಲೆಗೆ ಸಣ್ಣ ಕಬ್ಬಿಣದ ಸರಪಳಿ ಹಾಕಿಕೊಂಡಿದ್ದೇನೆ. ಅಂಚಿನ ಹಗ್ಗದ ಜೊತೆ ನೈಲಾನ್ ದಾರದಿಂದ ಗೇಣಿಗೊಂದು ಕಡೆ ಬಿಗಿದು ಕಟ್ಟಬೇಕು. ಕೆಸರು ತಳದಲ್ಲಿ ಚೆನ್ನಾಗಿ ಕೂರುತ್ತದೆ, ಅಡಿಯಿಂದ ಮೀನು ನುಸುಳುವ ಸಂದು ಉಳಿಯುವುದಿಲ್ಲ. ಬಂಡೆ ಇರುವ ಕಡೆ ಸಿಕ್ಕಿಹಾಕಿಕೊಳ್ಳುತ್ತದೆ, ಅಲ್ಲಿಗೆ ಇದು ಬೇಡ. ತುಕ್ಕಿಗೆ ದಾರ ಸವೆಯುತ್ತದೆ. ಬಲೆ ತಂದ ಮೇಲೆ ಕೊಳೆ ತೊಳೆದು ನೆರಳಲ್ಲಿ ಒಣಗಿಸಿದರೆ ಬಾಳಿಕೆ ಬರುತ್ತದೆ. ಕಟ್ಟು ಬಲೆಗೆ ಸುಟ್ಟ ಮಣ್ಣಿನ ಗುಂಡು ಸಾಕು. ನಮ್ಮ ಹಿರಿಯರು ಅದನ್ನೇ ಕಟ್ಟುತ್ತಿದ್ದರು. ಕುಂಬಾರರಿಗೆ ಹೇಳಿದರೆ ನಡುವೆ ತೂತು ಬಿಟ್ಟು ಮಾಡಿಕೊಡುತ್ತಾರೆ.


ಉತ್ತರ: ಫೌಂಡ್ರಿ ಕೆಲಸಗಾರ, ಬೆಳಗಾವಿ

ಸರಪಳಿ ತೂಕದ ಬಗ್ಗೆ ಒಂದು ಲೆಕ್ಕ. ಒಂದೇ ಗಾತ್ರದಲ್ಲಿ ಸೀಸಕ್ಕೆ ಕಬ್ಬಿಣದ ಸುಮಾರು ಒಂದೂವರೆ ಪಟ್ಟು ತೂಕ ಇರುತ್ತದೆ. ಅದಕ್ಕೇ ಹೊಸ ಬಲೆ ನಿಧಾನ ಮುಳುಗುತ್ತದೆ ಅನಿಸಬಹುದು. ಅದೇ ತೂಕಕ್ಕೆ ಸ್ವಲ್ಪ ದಪ್ಪ ಸರಪಳಿ ತಗೊಂಡರೆ ಸರಿಹೋಗುತ್ತದೆ. ನಾನು ಉದ್ಯಮಬಾಗಿನಲ್ಲಿ ಕೆಲಸ ಮಾಡುತ್ತೇನೆ. ಕರಗಿಸುವ ಕೆಲಸದ ಬಟ್ಟೆಯನ್ನು ಮನೆಗೆ ಹಾಕಿಕೊಂಡು ಹೋಗಬಾರದು ಅಂತ ನಮ್ಮಲ್ಲಿ ಹಿರಿಯರು ಮೊದಲ ದಿನವೇ ಹೇಳುತ್ತಾರೆ. ನಿಮ್ಮ ಭಾವ ಅದೇ ಅಂಗಿಯಲ್ಲಿ ಮಗನನ್ನು ಎತ್ತಿಕೊಳ್ಳುತ್ತಾರೆ ಅಲ್ವಾ? ಅದನ್ನು ಇವತ್ತೇ ನಿಲ್ಲಿಸಿ.


ಪ್ರಶ್ನೆ ಕೇಳಿದವರು: ಹಿನ್ನೀರ ಮನೆ, ಬಾಗಲಕೋಟೆ

ಎಲ್ಲರಿಗೂ ಧನ್ಯವಾದ. ಕೊಲ್ಹಾರದ ಅಣ್ಣ ಹೇಳಿದಂತೆ ಮಗನ ಮಾತಿನಿಂದಲೇ ಶುರು ಮಾಡಿದೆ. ಭಾವ ಮೊದಲು ಸುಮ್ನೆ ಕೂತಿದ್ದರು. ಆಮೇಲೆ ಅಕ್ಕನೇ ಬಾಯಿ ಬಿಟ್ಟಳು, ಹುಡುಗ ಊಟ ಬಿಟ್ಟಿದ್ದಾನೆ, ಹೊಟ್ಟೆ ನೋವು ಅಂತ ಅಳುತ್ತಾನೆ ಅಂತ. ನನಗೆ ಅದು ಗೊತ್ತೇ ಇರಲಿಲ್ಲ. ನಾಳೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತೇವೆ. ಒಂದು ಬಲೆಗೆ ಸರಪಳಿ ಹಾಕಿ ನೋಡಲು ಭಾವ ಒಪ್ಪಿದ್ದಾರೆ. ಹಿತ್ತಲಲ್ಲಿ ಪುಡಿ, ಒಡೆದ ಪೆಟ್ಟಿಗೆಗಳು ಬಿದ್ದಿವೆ. ತಿಪ್ಪೆಗೆ ಹಾಕಲಾ, ಹೂಳಲಾ?


ಉತ್ತರ: ಹಳೆ ಪಶುವೈದ್ಯ, ವಿಜಯಪುರ

ಎರಡೂ ಬೇಡ. ತಿಪ್ಪೆಗೆ ಹಾಕಿದರೆ ಗೊಬ್ಬರದ ಜೊತೆ ಹೊಲಕ್ಕೆ ಹೋಗುತ್ತದೆ. ಸೀಸ ಕೊಳೆಯುವ ವಸ್ತು ಅಲ್ಲ, ಮಣ್ಣಿನಲ್ಲಿ ಹಾಗೇ ಕೂರುತ್ತದೆ. ಹೊಟ್ಟೆ ನೋವು, ಊಟ ಸೇರದಿರುವುದು ಎರಡನ್ನೂ ಡಾಕ್ಟರಿಗೆ ಮರೆಯದೆ ಹೇಳಿ. ಸೀಸ ಮೈಗೆ ಸೇರಿದ ಮಕ್ಕಳಲ್ಲಿ ಇವು ಕಾಣುತ್ತವೆ.

ಪೊರಕೆಯಿಂದ ಒಣ ನೆಲ ಗುಡಿಸಬೇಡಿ, ಧೂಳು ಏಳುತ್ತದೆ. ಮೊದಲು ನೀರು ಚಿಮುಕಿಸಿ. ಮೂಗಿಗೆ ಬಟ್ಟೆ ಕಟ್ಟಿಕೊಂಡು, ಮೇಲಿನ ಒಂದು ಪದರ ಮಣ್ಣಿನ ಸಮೇತ ಸಲಿಕೆಯಿಂದ ಎತ್ತಿ ಮುಚ್ಚಳ ಇರುವ ಪ್ಲಾಸ್ಟಿಕ್ ಡಬ್ಬಿಗೆ ತುಂಬಿ. ಆ ಹೊತ್ತಿಗೆ ಮಗು, ಬಸುರಿಯರು ಯಾರೂ ಹತ್ತಿರ ಇರಬಾರದು. ಒಡೆಯದ ಬ್ಯಾಟರಿ ಇದ್ದರೆ ಬ್ಯಾಟರಿ ಮಾರುವ ಅಂಗಡಿಗೇ ಕೊಡಿ, ಬೆಲೆಯೂ ಸಿಗುತ್ತದೆ. ಹಳೆ ಬ್ಯಾಟರಿ ನೋಂದಾಯಿತ ಘಟಕಕ್ಕೇ ಹೋಗಬೇಕು ಅಂತ 2022ರ ನಿಯಮ ಇದೆ. ಒಡೆದದ್ದನ್ನೂ ಪುಡಿಯನ್ನೂ ಏನು ಮಾಡಬೇಕು ಅಂತ ಜಿಲ್ಲೆಯ ಮಾಲಿನ್ಯ ನಿಯಂತ್ರಣ ಕಚೇರಿಗೆ ಒಂದು ಅರ್ಜಿ ಬರೆದು ಕೇಳಿ, ಉತ್ತರ ಬರುವವರೆಗೆ ಡಬ್ಬಿ ಮಗುವಿನ ಕೈಗೆ ಸಿಗದ ಕಡೆ ಇರಲಿ. ಸೀಸ ಕರಗಿಸಿದ ಬಾಣಲೆಯನ್ನು ಎಷ್ಟೇ ಉಜ್ಜಿದರೂ ಅಡಿಗೆಗೆ ತಗೋಬೇಡಿ.